ಕೊನೆಗೆ ಹೇರಿದ ಅರ್ಜಿ

ಹೇರಪ್ಪ ಎಂಬ ಹೆಸರು ಅವನಿಗೆ ಅಪ್ಪ ಅಮ್ಮ ಇಟ್ಟದ್ದಲ್ಲ. ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಲಾರಿಗೆ ಸಾಮಾನು ಹೇರಿಸುವ ಮೇಸ್ತ್ರಿಯಾಗಿದ್ದರಿಂದ ಅಲ್ಲಿನ ಹಮಾಲರು ಇಟ್ಟದ್ದು. ಅವನ ಹೆಂಡತಿ ಆ ಹೆಸರನ್ನು ಒಪ್ಪಿಕೊಂಡದ್ದು ಬೇರೆ ಕಾರಣಕ್ಕೆ. ತನ್ನ ಅಭಿಪ್ರಾಯವನ್ನು ಇನ್ನೊಬ್ಬರ ಮೇಲೆ ಹೇರುವುದಕ್ಕೆ ಅವನಿಗೆ ಲಾರಿಯೂ ಬೇಕಿರಲಿಲ್ಲ, ಹಗ್ಗವೂ ಬೇಕಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಒಂದೇ ಶಾಸ್ತ್ರ: ಕೊನೆಗೆ ಹೇರಿದ್ದು ಮೊದಲು ಇಳಿಯುತ್ತದೆ. ಹೊಸ ಮನೆಗೆ ಕಾಲಿಟ್ಟ ಕೂಡಲೇ ಬೇಕಾಗುವ ಹಾಸಿಗೆ, ಒಲೆ, ಮಗುವಿನ ತೊಟ್ಟಿಲು ಇವನ್ನೆಲ್ಲ ಬಾಗಿಲ ಬಳಿ ಕೊನೆಗೆ ಹೇರಬೇಕು. ಇಟ್ಟುಕೊಳ್ಳಲು ಮನಸ್ಸಿಲ್ಲದ, ಬಿಸಾಡಲು ಧೈರ್ಯವಿಲ್ಲದ ಸಾಮಾನನ್ನು ಮೊದಲೇ ಒಳಕ್ಕೆ ತಳ್ಳಬೇಕು. ಈ ಶಾಸ್ತ್ರ ಲಾರಿಗೆ ಮಾತ್ರವಲ್ಲ, ಬದುಕಿಗೂ ಅನ್ವಯಿಸುತ್ತದೆ ಎಂದು ಅವನು ನಂಬಿದ್ದ. ಅಣ್ಣತಮ್ಮಂದಿರಲ್ಲಿ ಕೊನೆಗೆ ಮದುವೆಯಾದವನು ಅವನೇ, ಎಲ್ಲರಿಗಿಂತ ಮೊದಲು ತಲೆಗೂದಲು ಇಳಿದದ್ದೂ ಅವನದೇ. ಶಾಸ್ತ್ರ ಸುಳ್ಳಾಗಿರಲಿಲ್ಲ.

ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನವಳು. ಅಳುತ್ತ ಬಂದವರನ್ನು ನಗಿಸಿ ಕೂರಿಸುವುದು, ನಗುತ್ತ ಹೊರಟವರಿಗೆ ಬಿಲ್ಲು ತೋರಿಸಿ ಮತ್ತೆ ಅಳಿಸುವುದು ಅವಳ ಕೆಲಸ. ಔಷಧಿ ಎಲ್ಲಿಂದ ಬರಬೇಕು, ಯಂತ್ರ ಯಾರು ರಿಪೇರಿ ಮಾಡಬೇಕು, ಯಾವ ರೋಗಿ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಲ್ಲವೂ ಅವಳ ಬಾಯಲ್ಲೇ ಇತ್ತು. ಡಾಕ್ಟರ ಕೈಗೆ ಸಿಗುತ್ತಿದ್ದದ್ದು ಬೇರೆಯವರ ಬಾಯಿ ಮಾತ್ರ. ಆ ವರ್ಷ ಡಾಕ್ಟರು ಇನ್ನೆರಡು ಕ್ಲಿನಿಕ್ ತೆರೆಯುವ ಏರ್ಪಾಡು ಮಾಡಿ ಅವಳನ್ನು ಒಳಗೆ ಕರೆದರು.

"ಮೂರಕ್ಕೂ ಸೇರಿ ಒಬ್ಬ ಮ್ಯಾನೇಜರ್ ಬೇಕಮ್ಮಾ. ಕೆಲಸ ನೋಡಿದ್ರೆ ನಿನ್ನನ್ನ ಬಿಟ್ಟು ಬೇರೆಯವರಿಲ್ಲ. ಆದ್ರೆ ಸಾಲ ಕೊಡೋ ಬ್ಯಾಂಕಿನವರು, ಮ್ಯಾನೇಜರು ಏನು ಓದಿದಾರೆ ಅಂತ ಕೇಳ್ತಾರೆ. ಬಿಸಿನೆಸ್ ಸ್ಕೂಲಲ್ಲಿ ಶನಿವಾರ ಭಾನುವಾರದ ಕೋರ್ಸ್ ಇದೆಯಂತೆ. ಈ ವರ್ಷ ಸೀಟು ಹಿಡಿ. ಸೀಟು ನಿಂದಾದ ದಿನ ಕುರ್ಚಿನೂ ನಿಂದೇ."

"ಆಗ್ಲಿಲ್ಲ ಅಂದ್ರೆ ಸಾರ್?"

ಡಾಕ್ಟರು ಕೈಗವಸು ಕಳಚುತ್ತ, ಹಲ್ಲು ಕೀಳುವ ಮುಂಚೆ ಬಳಸುವ ಮೃದು ದನಿಯಲ್ಲಿ ಹೇಳಿದರು. "ನಮ್ಮಕ್ಕನ ಮಗ ಒಬ್ಬ ಮನೇಲಿ ಕೂತಿದಾನಲ್ಲ. ಓದಿದಾನೆ. ಏನು ಅಂತ ನಂಗೂ ಸರಿಯಾಗಿ ಗೊತ್ತಿಲ್ಲ, ಸರ್ಟಿಫಿಕೇಟ್ ಮಾತ್ರ ದೊಡ್ಡದಿದೆ."

ಅಂದಿನಿಂದ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಒರಗಿಸಿಕೊಂಡು ಓದಿದಳು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದಳು. 'ನಾನೇಕೆ ಮ್ಯಾನೇಜರ್ ಆಗಬೇಕು' ಎಂಬ ಪ್ರಬಂಧವನ್ನು ಬರೆದು, ಹರಿದು, ಮತ್ತೆ ಬರೆದಳು. ಬಿಸಿನೆಸ್ ಸ್ಕೂಲಿನವರು ಮೂರು ಸುತ್ತಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದರು. ಮೊದಲ ಸುತ್ತು, ಎರಡನೆಯದು, ಮೂರನೆಯದು, ಪ್ರತಿಯೊಂದಕ್ಕೂ ಒಂದು ಗಡುವು. ಎಲ್ಲ ಕಾಗದವನ್ನೂ ಒಂದು ದಪ್ಪ ಕವರಿನಲ್ಲಿಟ್ಟು, ಅಂಟಿಸಿ, ಅವರ ಕಚೇರಿಯ ಮುಂದಿನ ಪೆಟ್ಟಿಗೆಗೆ ಹಾಕಬೇಕು. ಒಂದು ಸುತ್ತಿನಲ್ಲಿ ತೀರ್ಮಾನವಾಗದ ಅರ್ಜಿ ತಾನಾಗಿಯೇ ಮುಂದಿನ ಸುತ್ತಿಗೆ ಹೋಗುತ್ತದೆ, ಆಯ್ಕೆಯಾದವರಿಗೆ ಮಾತ್ರ ಪತ್ರ ಬರುತ್ತದೆ, ಯಾರೂ ವಿಚಾರಿಸಕೂಡದು ಎಂದು ನಿಯಮ. ಮೂರು ಸುತ್ತು ಎಂದು ಕೇಳಿದಾಗಲೇ ಹೇರಪ್ಪನಿಗೆ ಒಂದು ಸುತ್ತು ತಲೆ ಸುತ್ತಿತ್ತು.

ಮೊದಲ ಸುತ್ತಿನ ಗಡುವು ಹತ್ತಿರವಾದಾಗ ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವಳು ಅವಸರದಲ್ಲಿ ಚೀಲ ತುಂಬಿಕೊಳ್ಳುತ್ತ ಕವರನ್ನು ಗಂಡನ ಕೈಗಿತ್ತಳು.

"ಡಾಕ್ಟರದ್ದು ಶಿಫಾರಸು ಪತ್ರ ಒಂದೇ ಬಾಕಿ. ನಾಳೆ ಕೊಡ್ತಾರೆ. ಅದನ್ನ ಒಳಗಿಟ್ಟು, ಅಂಟಿಸಿ, ನಾಳೆನೇ ಹೋಗಿ ಪೆಟ್ಟಿಗೆಗೆ ಹಾಕಿ. ಬೇರೆ ಏನೂ ಯೋಚನೆ ಮಾಡ್ಬೇಡಿ."

"ನಾನ್ಯಾಕೆ ಯೋಚನೆ ಮಾಡ್ಲಿ?" ಎಂದ ಹೇರಪ್ಪ, ಯೋಚಿಸಲು ಶುರುಮಾಡುತ್ತ.

ಮರುದಿನ ಡಾಕ್ಟರ ಪತ್ರ ಬಂತು. ಅವನು ಅದನ್ನು ಒಳಗಿಟ್ಟ. ಅಂಟಿಸಿದ. ಬಿಸಿನೆಸ್ ಸ್ಕೂಲಿಗೂ ಹೋದ. ಪೆಟ್ಟಿಗೆ ನೋಡಿದ. ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ, ಮೇಲೊಂದು ಸೀಳು, ಹಿಂದೆ ಬೀಗ ಹಾಕಿದ ಬಾಗಿಲು. ಹೇರಪ್ಪನ ಕಣ್ಣಿಗೆ ಅದು ಪೆಟ್ಟಿಗೆಯಾಗಿ ಕಾಣಲಿಲ್ಲ, ನಿಲ್ಲಿಸಿಟ್ಟ ಲಾರಿಯಾಗಿ ಕಂಡಿತು. ಈಗ ಹಾಕಿದ ಕವರು ತಳಕ್ಕೆ ಹೋಗುತ್ತದೆ. ಅದರ ಮೇಲೆ ಊರವರ ಕವರೆಲ್ಲ ಬೀಳುತ್ತವೆ. ತೆಗೆಯುವವರು ಮೇಲಿಂದ ತೆಗೆಯುತ್ತಾರೆ. ತಳದ್ದು ಕೈಗೆ ಬರುವ ಹೊತ್ತಿಗೆ ಅವರಿಗೆ ಬೇಸರ, ಹಸಿವು, ಆಕಳಿಕೆ. ತನ್ನ ಹೆಂಡತಿಯನ್ನು, ಬಿಸಾಡಲು ಧೈರ್ಯವಿಲ್ಲದ ಸಾಮಾನಿನ ಹಾಗೆ, ತಾನೇ ಕೈಯಾರೆ ಒಳಕ್ಕೆ ತಳ್ಳುವುದೇ? ಅವನು ಕವರನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡು ವಾಪಸು ಬಂದ.

ಆದರೂ ಒಬ್ಬರ ಬುದ್ಧಿಗಿಂತ ಇಬ್ಬರ ಬುದ್ಧಿ ಮೇಲು. ಕೆಳಮನೆಯಲ್ಲಿ ನಿವೃತ್ತ ಮೇಷ್ಟ್ರಿದ್ದರು. ಪಾಠ ಬಿಟ್ಟರೂ ಪಾಠದ ದನಿ ಅವರನ್ನು ಬಿಟ್ಟಿರಲಿಲ್ಲ. ಪ್ರಶ್ನೆಯನ್ನು ತಾವೇ ಕೇಳಿ, ಎದುರಿಗಿಲ್ಲದ ತರಗತಿಯತ್ತ ಕಣ್ಣಾಡಿಸಿ, ಉತ್ತರವನ್ನೂ ತಾವೇ ಹೇಳುವರು.

"ಕೊನೇಲಿ ಕೊಡೋದೇ ಲೇಸು," ಎಂದರು ಮೇಷ್ಟ್ರು, ಹೇರಪ್ಪ ಹೇಳಿದ್ದನ್ನೆಲ್ಲ ಕೇಳಿ. "ಯಾಕೆ? ಯಾಕೆ ಅಂದ್ರೆ, ನಾನು ಎಷ್ಟೋ ವರ್ಷ ಉತ್ತರಪತ್ರಿಕೆ ತಿದ್ದಿದೀನಿ. ಮೊದಲ್ನೇ ಕಟ್ಟು ತಿದ್ದುವಾಗ ನಾನು ಹುಲಿ. ಅಲ್ಪವಿರಾಮ ತಪ್ಪಿದ್ರೂ ಅಂಕ ಕಿತ್ಕೊಳ್ತಿದ್ದೆ. ಕೊನೇ ಕಟ್ಟಿಗೆ ಬರೋ ಹೊತ್ತಿಗೆ ನಾನೇನು? ನಾನು ಹಸು. ಹೆಸರು ಬರೆದಿದ್ರೆ ಪಾಸು."

ಒಂದು ಶಾಸ್ತ್ರ ಕೊನೆಯದು ಮೊದಲು ಕೈಗೆ ಬರುತ್ತದೆ ಎನ್ನುತ್ತಿತ್ತು, ಇನ್ನೊಂದು ಕೊನೆಯದು ಕೊನೆಗೇ ಬರುವುದರಿಂದ ಒಳ್ಳೆಯದು ಎನ್ನುತ್ತಿತ್ತು. ಎರಡೂ ಒಂದನ್ನೊಂದು ನುಂಗುತ್ತವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ತೀರ್ಪು ಒಂದೇ ಇರುವಾಗ ಕಾರಣಗಳು ಜಗಳವಾಡಿದರೆ ಯಾರಿಗೆ ನಷ್ಟ? ಮೂರನೆಯ ಸುತ್ತು, ಕೊನೆಯ ದಿನ, ಕೊನೆಯ ಗಳಿಗೆ ಎಂದು ನಿಶ್ಚಯವಾಯಿತು. ಅರ್ಜಿ ಅವಳದು, ಮರ್ಜಿ ಅವನದು.

ಅವಳು ಅಂದು ಸಂಜೆ ಫೋನು ಮಾಡಿದಳು. "ಹಾಕಿದ್ರಾ?"

"ಆಯ್ತು ಅಂದ್ಕೋ."

"ಅಂದ್ಕೋ ಅಂದ್ರೆ? ರಶೀದಿ ಕೊಟ್ರಾ?"

"ಅಲ್ಲಿರೋದು ಪೆಟ್ಟಿಗೆ. ಪೆಟ್ಟಿಗೆ ಎಲ್ಲಾದ್ರೂ ರಶೀದಿ ಕೊಡುತ್ತಾ?"

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಅವನಿಗೆ ಸಮಾಧಾನವಿತ್ತು. ಮನೆಯಲ್ಲಿಟ್ಟರೆ ಅವಳ ಕಣ್ಣಿಗೆ ಬೀಳುತ್ತದೆಂದು ಕವರನ್ನು ಕಂಪನಿಯ ಗೋದಾಮಿಗೆ ಒಯ್ದು, ಮೂಲೆಯಲ್ಲಿದ್ದ ಯಾರದೋ ಕಪಾಟಿನ ಒಳಗಿಟ್ಟು ಬಂದ.

ವಾರ ಕಳೆದು ಅವಳು ತಾಯಿಯನ್ನೂ ಕರೆದುಕೊಂಡೇ ಬಂದಳು. ಅತ್ತೆ ಕಾಲಿಗೆ ಪ್ಲಾಸ್ಟರು, ಬಾಯಿಗೆ ಬಿಡುವಿಲ್ಲ. ನಡುಮನೆಯ ಸೋಫಾದಲ್ಲಿ ಕಾಲು ಚಾಚಿ ಕೂತು, ಬಾಗಿಲು ತೆರೆದಿಡಿಸಿ, ಮೆಟ್ಟಿಲು ಹತ್ತುವವರಿಗೆಲ್ಲ ಸುದ್ದಿ ಹಂಚಿದರು. "ನನ್ ಮಗಳು ಬಿಸಿನೆಸ್ ಸ್ಕೂಲಿಗೆ ಹಾಕಿದಾಳೆ. ಮೊದಲ್ನೇ ಸುತ್ತಲ್ಲೇ ಹಾಕಿದಾಳೆ. ಅಳಿಯಂದ್ರೇ ಖುದ್ದು ಹೋಗಿ ಹಾಕಿ ಬಂದ್ರು."

ಎದುರುಮನೆಯ ಟೈಲರಮ್ಮನಿಗೆ ಸದಾ ತುಟಿಯ ನಡುವೆ ಗುಂಡುಪಿನ್ನು. ಆಕೆಯ ಮಾತು ಮೂಗಿನಿಂದಲೇ ಬರುತ್ತಿತ್ತು. "ಉಂ. ಒಳ್ಳೇದೇ. ಉಂ. ಯಾವಾಗಂತೆ ಪತ್ರ?"

ಪತ್ರ ಬರುವ ದಿನ ಬಂತು, ಪತ್ರ ಬರಲಿಲ್ಲ. ಮರುದಿನ ಟೈಲರಮ್ಮ ಪಿನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಬಂದಳು. ವಿಷಯ ಗಂಭೀರ ಎಂದು ಎಲ್ಲರಿಗೂ ಅರ್ಥವಾಯಿತು.

"ನಮ್ ಗಿರಾಕಿ ಒಬ್ಬರ ಸೊಸೆಗೆ ಬಂತಂತೆ. ನಿಮ್ಗೆ ಬಂದಿರ್ಬೇಕಲ್ಲ ಅಂತ ಕೇಳೋಕೆ ಬಂದೆ."

"ಬಂದಿಲ್ಲ," ಎಂದಳು ಅವಳು.

"ಅಯ್ಯೋ ಪಾಪ. ಆ ಹುಡುಗಿಗೆ ಏನೂ ಬರಲ್ಲ ರೀ. ರವಿಕೆ ಅಳತೆನೇ ನೆಟ್ಟಗೆ ಹೇಳಕ್ಕೆ ಬರಲ್ಲ. ಅಂಥೋಳಿಗೇ ಬಂದಿದೆ." ಸಾಂತ್ವನ ಹೇಳಿದ ತೃಪ್ತಿಯಲ್ಲಿ ಟೈಲರಮ್ಮ ಪಿನ್ನುಗಳನ್ನು ತುಟಿಗೆ ಸೇರಿಸಿಕೊಂಡು ಹೊರಟಳು.

ಅಂದಿನಿಂದ ಮನೆಗೆ ಮಂಕು ಕವಿಯಿತು. ಅವಳು ಪ್ರಬಂಧದ ಕರಡನ್ನು ತೆಗೆದು ಮತ್ತೆ ಮತ್ತೆ ಓದತೊಡಗಿದಳು. "ಇಲ್ಲಿ ನೋಡಿ, 'ಹನ್ನೆರಡು ವರ್ಷದ ಅನುಭವವಿದೆ' ಅಂತ ಬರ್ದಿದೀನಿ. ಜಂಬ ಅನ್ನಿಸ್ತೇನೋ." ಇನ್ನೊಂದು ದಿನ, "ತುಂಬ ತಗ್ಗಿ ಬರೆದ್ನೇನೋ. ಕೈಲಾಗದವಳು ಅನ್ಕೊಂಡ್ರೇನೋ." ಯಾರೂ ಓದದ ಬರಹದಲ್ಲಿ ಅವಳು ದಿನಕ್ಕೊಂದು ತಪ್ಪು ಹುಡುಕುತ್ತಿದ್ದಳು. ಹೇರಪ್ಪ ತಟ್ಟೆಯ ಮೇಲೆ ಬಗ್ಗಿಕೊಂಡು, "ತಾಳು, ಇನ್ನೂ ಇಳಿಸ್ತಾ ಇರ್ತಾರೆ," ಎನ್ನುತ್ತಿದ್ದ.

"ಏನನ್ನ ಇಳಿಸ್ತಾರೆ?"

"ಅಂದ್ರೆ, ತೆಗೀತಾ ಇರ್ತಾರೆ."

ಹೇಳಿಬಿಡಬೇಕು ಎಂದು ಅವನಿಗೂ ಒಮ್ಮೊಮ್ಮೆ ಅನ್ನಿಸದೆ ಇರಲಿಲ್ಲ. ಆದರೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಮೇಷ್ಟ್ರು ಕಣ್ಣು ಮಿಟುಕಿಸುವರು. "ಧೈರ್ಯ. ಹುಲಿ ಇನ್ನೂ ಹಸು ಆಗಿಲ್ಲ."

ಎರಡನೆಯ ಸುತ್ತೂ ಹಾಗೆಯೇ ಹೋಯಿತು. ಈ ಸಲ ಸಾಂತ್ವನಕ್ಕೆ ಟೈಲರಮ್ಮ ಗಂಡನನ್ನೂ ಕರೆತಂದಳು. ಗಂಡನಿಗೆ ಎಲ್ಲಿಗೆ ಬಂದಿದ್ದೇವೆಂದು ಸರಿಯಾಗಿ ತಿಳಿದಿರಲಿಲ್ಲ. ಅವನು ಅತ್ತೆಯ ಪ್ಲಾಸ್ಟರು ನೋಡಿ, ಸಪ್ಪೆ ಮುಖಗಳನ್ನು ನೋಡಿ, "ಎಲ್ಲ ಅವನ ಇಚ್ಛೆ. ಹೋದೋರು ಪುಣ್ಯವಂತ್ರು," ಎಂದು ಕೈಮುಗಿದು ಕೂತ. ಯಾರೂ ತಿದ್ದಲಿಲ್ಲ. ಮನೆಯ ಹವೆಗೆ ಆ ಮಾತು ಚೆನ್ನಾಗಿಯೇ ಹೊಂದುತ್ತಿತ್ತು.

ಅತ್ತೆ ಮಗಳಿಗೆ ಮಾತಿನ ಪಟ್ಟಿ ಕಟ್ಟತೊಡಗಿದರು. "ಓದು ತಲೆಗೆ ಹತ್ಬೇಕಾದ ವಯಸ್ಸಲ್ಲಿ ಹತ್ತಲಿಲ್ಲ, ಈಗೆಲ್ಲಿಂದ ಹತ್ತುತ್ತೆ? ಪಾಪ ಅಳಿಯಂದ್ರು, ಎಷ್ಟು ಬೇಜಾರು ಮಾಡ್ಕೊಂಡಿದಾರೆ ನೋಡು. ಊಟನೇ ಇಳೀತಿಲ್ಲ ಅವರಿಗೆ." ಅವಳು ತಿರುಗಿ ಉತ್ತರ ಕೊಡುತ್ತಿದ್ದ ಕಾಲ ಒಂದಿತ್ತು. ಈಗ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಕ್ಲಿನಿಕ್ಕಿಗೆ ಡಾಕ್ಟರ ಅಕ್ಕನ ಮಗ ಬಂದು ಕೂರುವುದು ಶುರುವಾಗಿತ್ತು. ಮೊದಮೊದಲು ರೋಗಿಗಳ ಬೆಂಚಿನಲ್ಲಿ, ಆಮೇಲೆ ಖಾಲಿ ಸ್ಟೂಲಿನಲ್ಲಿ, ಈಗ ಅವಳ ಮೇಜಿನ ಅಂಚಿನಲ್ಲಿ. ಕೆಲಸವೇನೂ ಮಾಡುತ್ತಿರಲಿಲ್ಲ. ಕುರ್ಚಿಯ ಚಕ್ರ ಸರಾಗವಾಗಿ ತಿರುಗುತ್ತದೆಯೇ ಎಂದು ಕೇಳುತ್ತಿದ್ದ, ಅಷ್ಟೆ.

ಮೂರನೆಯ ಸುತ್ತಿನ ಕೊನೆಯ ದಿನ ಬೆಳಿಗ್ಗೆಯೇ ಹೇರಪ್ಪ ಬಿಸಿನೆಸ್ ಸ್ಕೂಲಿಗೆ ಹೋದ. ಕವರು ಹಾಕಲು ಅಲ್ಲ, ಅದು ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ. ಲಾರಿ ಹೊರಡುವ ಮುನ್ನ ಹಿಂಬಾಗಿಲು ನೋಡಿ ಬರುವುದು ಒಳ್ಳೆಯ ಮೇಸ್ತ್ರಿಯ ಲಕ್ಷಣ. ಕಿಟಕಿಯಾಚೆ ಕೂತಿದ್ದ ಗುಮಾಸ್ತೆ ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ತಲೆ ಎತ್ತಿದಳು.

"ಮೇಡಂ, ಒಂದು ಸಣ್ಣ ವಿಷಯ. ಪೆಟ್ಟಿಗೆಯಿಂದ ಕವರನ್ನ ಮೇಲಿಂದ ತೆಗೀತೀರೋ, ಕೆಳಗಿಂದ ತೆಗೀತೀರೋ?"

"ಬಾಗಿಲು ತೆಗೆದ್ರೆ ಎಲ್ಲಾ ಒಟ್ಟಿಗೇ ಕಾಲ ಮೇಲೆ ಬೀಳುತ್ತೆ. ಯಾಕೆ?"

"ಅಲ್ಲ, ಮೊದಲು ಯಾರದ್ದು ನೋಡ್ತೀರಿ?"

"ಮೊದಲು ನೋಡ್ಲಿ ಆಮೇಲೆ ನೋಡ್ಲಿ, ಒಂದು ಸುತ್ತಿಂದೆಲ್ಲ ನೋಡೇ ನೋಡ್ತೀವಿ. ನಿಮ್ದು ಯಾವ ಸುತ್ತು?"

"ಮೂರನೇದು. ಬೇಕಂತಲೇ," ಎಂದ ಹೇರಪ್ಪ, ಗುಟ್ಟು ಹೇಳುವವನಂತೆ ಬಗ್ಗಿ. "ಕೊನೆಗೆ ಬಂದಿದ್ದು ಮೊದಲು ಇಳಿಯುತ್ತಲ್ಲ."

ಗುಮಾಸ್ತೆ ಮುಚ್ಚಳ ತಿರುವುವುದನ್ನು ನಿಲ್ಲಿಸಿದಳು. "ಎಲ್ಲಿಂದ ಇಳಿಯುತ್ತೆ? ಇಲ್ಲಿ ಹತ್ತೋದು ಸ್ವಾಮಿ. ಮೊದಲ್ನೇ ಸುತ್ತಲ್ಲಿ ಕ್ಲಾಸ್ ರೂಮು ಪೂರ್ತಿ ಖಾಲಿ ಇರುತ್ತೆ. ಕೈಲಾದವರನ್ನೆಲ್ಲ ಕೂರಿಸ್ಕೊಂಡ್ಬಿಡ್ತಾರೆ. ಎರಡನೇ ಸುತ್ತಿಗೆ ಮುಕ್ಕಾಲು ತುಂಬೋಗುತ್ತೆ. ಮೂರನೇ ಸುತ್ತಲ್ಲಿ ಎಲ್ಲೋ ಸಂದಿಗೊಂದೀಲಿ ಒಂದೋ ಎರಡೋ ಉಳಿದಿದ್ರೆ ಉಂಟು. ಅದಕ್ಕೆ ನೂರು ಜನ. ಇಷ್ಟು ದಿನ ಎಲ್ಲಿದ್ರಿ?"

ಹೇರಪ್ಪನಿಗೆ ಕಣ್ಣ ಮುಂದೆ ಲಾರಿ ಬಂದು ನಿಂತಿತು. ಹಿಂಬಾಗಿಲು ಅವನತ್ತಲೇ ಇತ್ತು. ಆದರೆ ಅದು ಹೊಸ ಮನೆಯ ಮುಂದೆ ನಿಂತ ಲಾರಿಯಾಗಿರಲಿಲ್ಲ, ಹಳೆ ಮನೆಯ ಮುಂದೆ ನಿಂತದ್ದು. ಇಷ್ಟು ವರ್ಷ ಅವನೇ ಎಷ್ಟು ಜನರಿಗೆ ಹೇಳಿಲ್ಲ, "ಜಾಗ ಇಲ್ಲಮ್ಮ, ಬೆಳಿಗ್ಗೆನೇ ಹೇಳಿದ್ರೆ ಸೇರಿಸ್ತಿದ್ವಿ. ಈಗ ಈ ಬೀರು ಇಲ್ಲೇ ಬಿಟ್ಟುಬಿಡಿ." ಶಾಸ್ತ್ರ ಸರಿಯಾಗಿಯೇ ಇತ್ತು. ಹೆಂಡತಿಯನ್ನು ಇಳಿಸುವ ಹೊತ್ತೆಂದು ತಿಳಿದು ಅವನು ಹೇರುವ ಹೊತ್ತನ್ನು ಕಳೆದಿದ್ದ.

ಗೋದಾಮಿಗೆ ಓಡಿದ. ಕವರಿದ್ದ ಕಪಾಟು ಮೂಲೆಯಲ್ಲೇ ಇತ್ತು. ಅದರ ಮುಂದೆ ಮಂಚ, ಮಂಚದ ಮುಂದೆ ಊಟದ ಮೇಜು, ಅದರ ಮೇಲೆ ಕಾಲು ಮೇಲಾಗಿ ಕುರ್ಚಿಗಳು, ಎಲ್ಲದರ ಮುಂದೆ ಸಂಗೀತದ ಮೇಷ್ಟ್ರೊಬ್ಬರು ಬಿಟ್ಟುಹೋದ ಪಿಯಾನೋ. ಅವನು ಮೊದಲು ಇಟ್ಟದ್ದು ಸಹಜವಾಗಿಯೇ ಕೊನೆಗೆ ಸಿಗಬೇಕಿತ್ತು.

"ಪಿಯಾನೋ ಯಾವ ಮನೆಗೆ ಹೋಗ್ತಿದೆ ಮೇಸ್ತ್ರಿ?" ಎಂದು ಕೇಳಿದ ಹಮಾಲ.

"ಎಲ್ಲಿಗೂ ಇಲ್ಲ. ಈಚೆಗೆ ಇಡು."

"ಆಮೇಲೆ?"

"ಆಮೇಲೆ ಅಲ್ಲೇ ವಾಪಸ್ ಇಡು."

ಹಮಾಲರು ಪರಸ್ಪರ ಮುಖ ನೋಡಿಕೊಂಡರು. ತಲೆ ತಿರುಗಿದ ಮೇಸ್ತ್ರಿಗಳನ್ನು ಅವರು ಹಿಂದೆಯೂ ಕಂಡಿದ್ದರು, ಆದರೆ ಹಾಗೆ ತಿರುಗುವುದು ಸಾಮಾನ್ಯವಾಗಿ ಮಾಲೀಕರಾದ ಮೇಲೆ. ಮಧ್ಯಾಹ್ನವಿಡೀ ಒಂದು ಸಂಸಾರದ ಸಾಮಾನನ್ನು ಎಂಟು ಹೆಜ್ಜೆ ಈಚೆ ತಂದು, ಒಂದು ಕವರು ತೆಗೆದು, ಮತ್ತೆ ಎಂಟು ಹೆಜ್ಜೆ ಆಚೆ ಇಟ್ಟರು. ಹೇರಪ್ಪ ಬೆವರಿನಲ್ಲಿ ಒದ್ದೆಯಾಗಿ ಬಿಸಿನೆಸ್ ಸ್ಕೂಲು ತಲುಪುವಾಗ ಗುಮಾಸ್ತೆ ಸಂಜೆಯ ಬೀಗ ಹಾಕುತ್ತಿದ್ದಳು. ಅವನ ಸ್ಥಿತಿ ನೋಡಿ ಕವರನ್ನು ಕೈಯಲ್ಲೇ ತೆಗೆದುಕೊಂಡು, ಅದರ ಮೇಲೆ ದಿನ, ಗಂಟೆ ಎರಡರ ಮುದ್ರೆಯನ್ನೂ ದಪ್ಪಗೆ ಒತ್ತಿದಳು.

ಮೂರನೆಯ ಸುತ್ತು, ಕೊನೆಯ ದಿನ, ಕೊನೆಯ ಗಳಿಗೆ. ಯೋಜನೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ.

ಇಂದು ಹೇಳಿಯೇಬಿಡುವುದೆಂದು ಅವನು ಮನೆ ಮೆಟ್ಟಿಲು ಹತ್ತಿದ. ಅವಳು ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದಳು. "ಯಾರಿಗಾದ್ರೂ ಕೊಟ್ಬಿಡಿ ಇವನ್ನ." ಅವನು ಅವಳ ಪಕ್ಕದಲ್ಲಿ ಕೂತ. "ಇರ್ಲಿ ಬಿಡು, ಗಂಟು ಸರಿಯಾಗಿ ಬಿದ್ದಿಲ್ಲ," ಎಂದು ಹಗ್ಗ ಬಿಚ್ಚಿ, ಹೊಸದಾಗಿ ಕಟ್ಟಿಕೊಟ್ಟ. ಅವನ ಕೈಯಲ್ಲಿ ಆದದ್ದು ಅಷ್ಟೇ.

ಆದರೆ ಪತ್ರ ಬಂತು. ಸಂದರ್ಶನಕ್ಕೆ ಬನ್ನಿ ಎಂದಿತ್ತು. ಅತ್ತೆ ಪ್ಲಾಸ್ಟರಿನ ಕಾಲನ್ನೇ ನೆಲಕ್ಕೆ ಕುಟ್ಟಿ, "ನಾನು ಹೇಳ್ಲಿಲ್ವಾ?" ಎಂದರು. ಏನು ಹೇಳಿದ್ದರೋ ಯಾರೂ ಕೇಳಲಿಲ್ಲ. ಟೈಲರಮ್ಮ ರವಿಕೆಯ ತೋಳು ಬಿಗಿ ಮಾಡಿಕೊಟ್ಟಳು. ಮೇಷ್ಟ್ರು ಹೇರಪ್ಪನ ಬೆನ್ನು ತಟ್ಟಿ ಕಿವಿಯಲ್ಲಿ, "ಹಸು ಆಯ್ತು ನೋಡಿ," ಎಂದರು. ಬಹಳ ದಿನದ ಮೇಲೆ ಅವಳು ಕನ್ನಡಿಯ ಮುಂದೆ ನಿಂತು ಯಾವುದೋ ಪ್ರಶ್ನೆಗೆ ತಾನೇ ಉತ್ತರ ಹೇಳಿಕೊಂಡು ನಕ್ಕಳು. ಆ ನಗು ನೋಡಿದ ಮೇಲೆ ನಿಜ ಹೇಳುವುದು ಪಾಪ ಎಂದು ಹೇರಪ್ಪ ತೀರ್ಮಾನಿಸಿದ. ಹೇಳದಿರಲು ಕಾರಣ ಬೇಕಾದಾಗಲೆಲ್ಲ ಅವನಿಗೆ ಒಂದು ಪಾಪ ಸಿಕ್ಕುತ್ತಿತ್ತು.

ಸಂದರ್ಶನದ ದಿನ ಅವನೂ ಜೊತೆಗೆ ಹೋದ. ಹೊರಗಿನ ಬೆಂಚಿನಲ್ಲಿ ಕೂತು ಎದ್ದು, ಎದ್ದು ಕೂತು ಮಾಡಿದ. ಅವಳು ಹೊರಬಂದಾಗ ಮುಖದಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಾಮಾನೆಲ್ಲ ಸಾಗಿಸಿದ ಮೇಲಿನ ಮನೆಯ ಹಾಗಿತ್ತು. ಬಸ್ ನಿಲ್ದಾಣದವರೆಗೆ ನಡೆದು, ಅಲ್ಲಿ ಕೂತು, ರಸ್ತೆ ನೋಡುತ್ತ ಹೇಳಿದಳು.

"ಎಲ್ಲಾ ಚೆನ್ನಾಗೇ ಹೋಗ್ತಿತ್ತು. ಕ್ಲಿನಿಕ್ಕಿಂದು ಕೇಳಿದ್ರು, ಹೇಳ್ದೆ. ನಗಿಸ್ದೆ ಕೂಡ. ಆಮೇಲೆ ಒಬ್ರು ಕವರು ತಿರುಗಿಸಿ ನೋಡಿ ಕೇಳಿದ್ರು, ಇಷ್ಟೆಲ್ಲ ಅರ್ಹತೆ ಇದ್ದು ಕೊನೇ ದಿನ ಕೊನೇ ಗಳಿಗೇಲಿ ಯಾಕೆ ಕೊಟ್ರಿ ಅಂತ. ಇಲ್ಲ ಸಾರ್, ನಾನು ಮೊದಲ್ನೇ ಸುತ್ತಲ್ಲೇ ಕೊಟ್ಟಿದ್ದು ಅಂದೆ. ಅವರು ಮುದ್ರೆ ತೋರಿಸಿದ್ರು."

ಹೇರಪ್ಪ ತನ್ನ ಮೊಣಕಾಲು ನೋಡಿಕೊಂಡ.

"ಒಂದು ನಿಮಿಷ ನಂಗೆ ಏನೂ ತಿಳೀಲಿಲ್ಲ. ಆಮೇಲೆ 'ಆಯ್ತು ಅಂದ್ಕೋ' ನೆನಪಾಯ್ತು. 'ಇಳಿಸ್ತಾ ಇರ್ತಾರೆ' ನೆನಪಾಯ್ತು. ಎಲ್ಲಾ ತಿಳೀತು."

"ಏನು ಹೇಳ್ದೆ?"

"ಮರೆತಿದ್ದೆ ಸಾರ್, ಕ್ಷಮಿಸಿ ಅಂದೆ. ಓದ್ಬೇಕೋ ಬೇಡ್ವೋ ಅಂತ ತೀರ್ಮಾನ ಆಗಿರ್ಲಿಲ್ಲ, ಅದಕ್ಕೆ ತಡ ಆಯ್ತು ಅಂದೆ."

"ಯಾಕೆ ಹಂಗಂದೆ? ನಂದೇ ತಪ್ಪು ಅಂತ ಹೇಳ್ಬೇಕಿತ್ತು."

"ಹೇಳ್ಬಹುದಿತ್ತು. ಆದ್ರೆ ಗುರುತಿಲ್ಲದ ನಾಲ್ಕು ಜನದ ಮುಂದೆ, ನಾನು ಎಂಥವರನ್ನ ಮದ್ವೆ ಆಗಿದೀನಿ ಅಂತ ವಿವರ ಕೊಡ್ಬೇಕಿತ್ತು. ಬಾಯಿ ಬರ್ಲಿಲ್ಲ." ಅವಳು ಚೀಲದ ಬಾಯಿ ಮುಚ್ಚಿದಳು. "ಉಳಿದಿದ್ದು ಒಂದೇ ಸೀಟಂತೆ. ಮನಸ್ಸು ಗಟ್ಟಿ ಇರೋವ್ರಿಗೆ ಕೊಡ್ತೀವಿ, ನೀವು ತೀರ್ಮಾನ ಮಾಡ್ಕೊಂಡು ಮುಂದಿನ ವರ್ಷ ಬನ್ನಿ ಅಂದ್ರು. ಹೊರಗೆ ಬರೋ ಮುಂಚೆನೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದೀನಿ. ನಾಳೆಯಿಂದ ಕ್ಲಿನಿಕ್ ಬೀರು ಕೀಲಿ ಅವರಕ್ಕನ ಮಗನಿಗೆ."

ಬೈಗುಳವಾಗಿದ್ದರೆ ಹೊರಬಹುದಿತ್ತು. ಐದನೆಯ ಮಹಡಿಯಿಂದ ಕಬ್ಬಿಣದ ಬೀರು ಬೆನ್ನ ಮೇಲೆ ಇಳಿಸಿದವನು ಅವನು. ಇದನ್ನು ಎಲ್ಲಿ ಕೈಕೊಟ್ಟು ಎತ್ತಬೇಕೆಂದೇ ತಿಳಿಯಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಬಂದ, ಸೀಟು ಖಾಲಿಯಿದ್ದರೂ.

ಮೆಟ್ಟಿಲಲ್ಲಿ ಮೇಷ್ಟ್ರು, ಟೈಲರಮ್ಮ, ಅವಳ ಗಂಡ ಎಲ್ಲ ಕಾದಿದ್ದರು. ಅತ್ತೆ ಊರುಗೋಲು ಹಿಡಿದು ಬಾಗಿಲಿಗೇ ಬಂದಿದ್ದರು. "ಏನಾಯ್ತು ಸೀಟು?"

ಅವಳು ಬಾಯಿ ತೆರೆಯುವ ಮುಂಚೆ ಹೇರಪ್ಪ ಅವಳೆದುರು ಬಂದು ನಿಂತ. ಜನ್ಮದಲ್ಲಿ ಮೊದಲ ಸಲ ಅವನು ಸರಿಯಾದ ಹೊತ್ತಿಗೆ ಒಂದು ಕೆಲಸ ಮಾಡಲು ಹೊರಟಿದ್ದ.

"ಸಿಗ್ಲಿಲ್ಲ. ಅವಳದ್ದೇನೂ ತಪ್ಪಿಲ್ಲ. ತಪ್ಪೆಲ್ಲ ನಂದು. ಅರ್ಜಿ ನಾನು ಹಾಕಿರ್ಲೇ ಇಲ್ಲ. ಕೊನೇ ದಿನದ ತನಕ ಗೋದಾಮಲ್ಲಿ ಇಟ್ಕೊಂಡಿದ್ದೆ."

ಟೈಲರಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಉಂ. ನೋಡ್ರೀ, ಹೆಂಡತಿ ಮೇಲೆ ಒಂದು ಮಾತು ಬರಬಾರ್ದು ಅಂತ. ಉಂ. ಗಂಡ ಅಂದ್ರೆ ಹಿಂಗಿರ್ಬೇಕು." ಅವಳು ತನ್ನ ಗಂಡನ ಕಡೆ ತಿರುಗಿದಳು. ಅವನು ಅನಾಯಾಸವಾಗಿ ತಪ್ಪಿತಸ್ಥನಾದ.

"ಅಲ್ಲಮ್ಮ, ನಿಜವಾಗ್ಲೂ ನಾನೇ. ಕಪಾಟಲ್ಲಿಟ್ಟಿದ್ದೆ. ಮುಂದೆ ಪಿಯಾನೋ ಇತ್ತು."

"ಪಿಯಾನೋ ಅಂತೆ," ಎಂದು ಟೈಲರಮ್ಮನ ಗಂಡ ಮೂಗೆಳೆದುಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಒಳ್ಳೆಯ ಮನುಷ್ಯ ಅವಸರದಲ್ಲಿ ಕಟ್ಟಿದ ಕಥೆ ಎಂದು ಎಲ್ಲರಿಗೂ ಸ್ಪಷ್ಟವಾಯಿತು.

ಹೇರಪ್ಪ ಮೇಷ್ಟ್ರ ಕಡೆ ತಿರುಗಿದ. "ನೀವಾದ್ರೂ ಹೇಳಿ ಮೇಷ್ಟ್ರೇ. ಹುಲಿ, ಹಸು. ನೀವೇ ತಾನೇ ಹೇಳಿದ್ದು."

ಮೇಷ್ಟ್ರು ತರಗತಿಯತ್ತ ಕಣ್ಣಾಡಿಸಿದರು. ಜೀವನದಲ್ಲಿ ಮೊದಲ ಸಲ ಅವರಿಗೆ ಪ್ರಶ್ನೆಯೂ ಹೊಳೆಯಲಿಲ್ಲ, ಉತ್ತರವೂ ಹೊಳೆಯಲಿಲ್ಲ. "ಪಾಪ, ಆಘಾತ ಆಗಿದೆ ಅವರಿಗೆ," ಎಂದು ಮೆತ್ತಗೆ ಹೇಳಿ, "ಹುಲಿ ಹಸು ಅಂತೆಲ್ಲ ಮಾತಾಡ್ತಿದಾರೆ. ಒಳಗೆ ಕರ್ಕೊಂಡು ಹೋಗಿ ನೀರು ಕೊಡಿ," ಎಂದು ತಮ್ಮ ಬಾಗಿಲು ಹಾಕಿಕೊಂಡರು.

ಅತ್ತೆ ಅಳಿಯನ ಕೈ ಹಿಡಿದು ಒಳಗೆ ಕರೆತಂದರು. ತಾವು ತಿಂಗಳುಗಟ್ಟಲೆ ಕಾಲು ಚಾಚಿದ್ದ ಸೋಫಾದಲ್ಲಿ ಅವನನ್ನೇ ಕೂರಿಸಿದರು. ಅವನು "ಅತ್ತೆ, ಕೇಳಿ" ಎಂದಾಗಲೆಲ್ಲ ಅವರು "ಗೊತ್ತು, ಗೊತ್ತು" ಎಂದು ತಲೆ ಸವರಿದರು. ಅವನು ಹೆಚ್ಚು ಹೆಚ್ಚು ಒಪ್ಪಿಕೊಂಡಷ್ಟೂ ಅವರ ಕಣ್ಣಲ್ಲಿ ಹೆಚ್ಚು ಹೆಚ್ಚು ನೀರು ಬಂತು. ಕೊನೆಗೆ ಊರುಗೋಲನ್ನು ಬಾಗಿಲ ಬಳಿ ಇನ್ನೂ ಚಪ್ಪಲಿ ಬಿಚ್ಚದೆ ನಿಂತಿದ್ದ ಮಗಳತ್ತ ತೋರಿಸಿ ಹೇಳಿದರು.

"ನೋಡ್ಕೋ. ನಿನ್ನ ದಡ್ಡತನನ ತನ್ನ ತಲೆ ಮೇಲೆ ಹೊತ್ಕೊಂಡಿದಾರೆ. ಮುಂದಿನ ವರ್ಷನಾದ್ರೂ ಎಲ್ಲಾ ನಿನ್ ಇಷ್ಟದ ಹಾಗೆ ಮಾಡ್ಬೇಡ. ಅರ್ಜಿನ ಅವರ ಕೈಗೇ ಕೊಡು. ಯಾವಾಗ ಹಾಕ್ಬೇಕು ಅಂತ ಅವರಿಗೆ ಗೊತ್ತು."

ಅವಳು ಬಗ್ಗಿ ಚಪ್ಪಲಿ ಬಿಚ್ಚಿದಳು, ಎರಡನ್ನೂ ಗೋಡೆಗೆ ಸರಿಯಾಗಿ ಜೋಡಿಸಿಟ್ಟಳು.

"ಆಗ್ಲಿ ಅಮ್ಮ," ಎಂದಳು.